ಮೂಲವ್ಯಾಧಿಯ ಪಕ್ಕದಲ್ಲಿ ನೌಕಾಪಡೆ

ಮಾರತ್ತಹಳ್ಳಿ ಬ್ರಿಡ್ಜ್ ಬಸ್‌ಸ್ಟಾಪಿನ ಹತ್ತಿರ ಕಂಬಕ್ಕೆ ಅಂಟಿಕೊಂಡಿರುವ ‘ಅಗ್ನಿವೀರ್ ನೇವಿ ಕೋಚಿಂಗ್’ ಪೋಸ್ಟರಿನಂಥದ್ದನ್ನು ನೀವೂ ನೋಡಿರುತ್ತೀರಿ. ಹಡಗು, ಬಿಳಿ ಸಮವಸ್ತ್ರ, ಸೆಲ್ಯೂಟ್, ಅಡಿಯಲ್ಲಿ ‘100% ಸೆಲೆಕ್ಷನ್’. ಸಿಲ್ಕ್‌ಬೋರ್ಡ್ ಬಸ್ಸಿಗೆ ಕಾಯುತ್ತಾ ಅದನ್ನೇ ಮಾತಿಗೆಳೆದೆ. ಬಸ್ಸು ಎಷ್ಟು ಹೊತ್ತಿಗೆ ಬಂತೆಂಬುದನ್ನು ಸಂದರ್ಶನದ ಉದ್ದ ನೋಡಿ ಊಹಿಸಿಕೊಳ್ಳಿ.

ಪ್ರಶ್ನೆ: ಹೇಗಿದ್ದೀರಿ?

ಪೋಸ್ಟರ್: ಹೇಗಿರೋದು ಸಾರ್? ಬಲಗಡೆ ನೋಡಿ, ಮೂಲವ್ಯಾಧಿ. ಎಡಗಡೆ ‘ಪಿ.ಜಿ. ಫಾರ್ ಜೆಂಟ್ಸ್’. ಆ ಪಿ.ಜಿ.ಯವನು ರಾತ್ರೋರಾತ್ರಿ ಬಂದು ನನ್ನ ಯುದ್ಧನೌಕೆಯ ಅರ್ಧಕ್ಕೆ ಮೈದಾ ಅಂಟು ಬಳಿದು ಹೋದ. ಈಗ ನೋಡೋರಿಗೆ ನೌಕಾಪಡೆಯಲ್ಲೇ ಮೂರು ಹೊತ್ತು ಊಟ, ಗೀಸರ್, ವೈಫೈ ಅಂತ ಕಾಣುತ್ತೆ.

ಪ್ರಶ್ನೆ: ಇರಲಿ. ಹುಡುಗರಿಗೆ ನಿಮ್ಮಲ್ಲಿ ಏನೇನು ಅವಕಾಶ ಇದೆ?

ಪೋಸ್ಟರ್: ಎಸ್‌ಎಸ್‌ಎಲ್‌ಸಿ ಆದವರಿಗೆ ಎಂ.ಆರ್. ಅಂದರೆ ಅಡುಗೆ, ಬಡಿಸೋದು, ಸ್ವಚ್ಛತೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದವರಿಗೆ ಎಸ್.ಎಸ್.ಆರ್., ಇಂಜಿನ್ನು ರಾಡಾರಿನ ಕಡೆ. ಮದುವೆ ಆಗಿರಬಾರದು. 1.6 ಕಿ.ಮೀ.ನ ಆರೂವರೆ ನಿಮಿಷದಲ್ಲಿ ಓಡಬೇಕು.

ಪ್ರಶ್ನೆ: ಮಾರತ್ತಹಳ್ಳಿಯಲ್ಲಿ ಸಂಜೆ ಆರಕ್ಕೆ ಕಾರೂ ಅಷ್ಟು ವೇಗದಲ್ಲಿ ಹೋಗೋದಿಲ್ಲ.

ಪೋಸ್ಟರ್: ಅದಕ್ಕೇ ಸಾರ್ ಒಡಿಶಾಕ್ಕೆ ಕಳಿಸೋದು, ಐಎನ್‌ಎಸ್ ಚಿಲ್ಕಾಕ್ಕೆ. ಅಗ್ನಿವೀರರ ಮೊದಲ ತಂಡ 2023ರ ಮಾರ್ಚಲ್ಲಿ ಅಲ್ಲಿಂದ ತರಬೇತಿ ಮುಗಿಸಿ ಹೊರಬಂತು. ಅದರಲ್ಲಿ 273 ಹೆಣ್ಣುಮಕ್ಕಳು! ಇಂಥ ಸುದ್ದಿ ಹೊತ್ತ ನನ್ನ ಮೇಲೆ ಸಾರ್, ಅವನು, ಆ ಪಿ.ಜಿ.ಯವನು…

ಪ್ರಶ್ನೆ: ಮೊದಲ ವರ್ಷದ ಸಂಬಳ 30,000, ಕೈಗೆ ಬರೋದು 21,000. ನಾಲ್ಕು ವರ್ಷ ಆದಮೇಲೆ ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬನಿಗೆ ಕಾಯಂ ಕೆಲಸ. ಉಳಿದ ಮೂವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಇದು ನಿಮ್ಮ ಮೈಮೇಲೆ ಎಲ್ಲಿದೆ?

ಪೋಸ್ಟರ್: ಆ ಜಾಗದಲ್ಲೇ ಸಾರ್ ಪಿ.ಜಿ.ಯವನು ಅಂಟಿಸಿರೋದು!

ಪ್ರಶ್ನೆ: ನಾಲ್ಕು ವರ್ಷ ಮುಗಿದಾಗ ಕೈಗೆ ಕೊಡೋ ಸೇವಾನಿಧಿ?

ಪೋಸ್ಟರ್: ಅದು ಕಾಣುತ್ತೆ, ದಪ್ಪಕ್ಷರದಲ್ಲಿದೆ. 10.04 ಲಕ್ಷ, ಮೇಲೆ ಬಡ್ಡಿ.

ಪ್ರಶ್ನೆ: ಅದರಲ್ಲಿ ಅರ್ಧ ಹುಡುಗನ ಸಂಬಳದಲ್ಲೇ ತಿಂಗಳು ತಿಂಗಳು ಮುರಿದುಕೊಂಡ ದುಡ್ಡು. ಹೋಗಲಿ, ನಾನು ಕೇಳಬೇಕಿದ್ದದ್ದು ಬೇರೆ. ನಿಮ್ಮ ಮೈಮೇಲೆ ಕನ್ನಡ ಎಷ್ಟಿದೆ?

ಪೋಸ್ಟರ್: ‘ಸಂಪರ್ಕಿಸಿ’ ಅಂತ ಇದೆಯಲ್ಲ ಸಾರ್.

ಪ್ರಶ್ನೆ: ನಾಮಫಲಕದಲ್ಲಿ ಅರವತ್ತು ಭಾಗ ಕನ್ನಡ ಇರಬೇಕು ಅಂತ ಈ ರಾಜ್ಯದಲ್ಲಿ ಕಾನೂನಿದೆ.

ಪೋಸ್ಟರ್: ನಾನು ಫಲಕ ಅಲ್ಲ ಸಾರ್, ಕಾಗದ. ಎತ್ತರದ ಲೆಕ್ಕ, ಎದೆ ಹಿಗ್ಗಿಸೋದು, ಕಣ್ಣಿನ ಪರೀಕ್ಷೆ, ಹಚ್ಚೆ, ಅದೆಲ್ಲ ಕೇಳಿ.

ಪ್ರಶ್ನೆ: ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ?

ಪೋಸ್ಟರ್: ನಾನು ಇಲ್ಲೀವರೆಗೆ ಕಂಡ ಅಧಿಸೂಚನೆಯಲ್ಲೆಲ್ಲ ಎರಡೇ ಸಾರ್, ಹಿಂದಿ, ಇಂಗ್ಲಿಷ್.

ಇಲ್ಲಿಗೆ ತಮಾಷೆ ಸಾಕು. 1986ರಲ್ಲಿ ರಾಜೀವ್ ಗಾಂಧಿ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೇವರ ಗುಡಿ, ಬಲೆ ಒಣಗಿಸುತ್ತಿದ್ದ ದಂಡೆ ಬಿಟ್ಟು ಎದ್ದವು. ಪರಿಹಾರಕ್ಕೆಂದು ದಶಕಗಟ್ಟಲೆ ಕೋರ್ಟು, ಕಚೇರಿ ಅಲೆದವು. 2005ರಲ್ಲಿ ಅಲ್ಲಿ ನೆಲೆ ಶುರುವಾಯಿತು, ಹೆಸರು ಐಎನ್‌ಎಸ್ ಕದಂಬ. ಹಲ್ಮಿಡಿ ಶಾಸನ ಆ ಕದಂಬರ ಕಾಲದ್ದೇ. ನೌಕಾಪಡೆಯವರೇ, ನಿಮಗೆ ಅವರ ಹೆಸರು ಬೇಕು, ದಂಡೆ ಬೇಕು. ಅದೇ ದಂಡೆ ಬಿಟ್ಟುಕೊಟ್ಟವರ ಮೊಮ್ಮಗ, ಮನೆಯಲ್ಲಿ ಕೊಂಕಣಿ ಆಡಿ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವನು, ಹಡಗಿನ ಅಡುಗೆಮನೆಯ ಕೆಲಸಕ್ಕೆ ಪರೀಕ್ಷೆ ಬರೆಯಲು ಕೂತರೆ ಮೊದಲು ಹಿಂದಿ ಕಲಿತು ಬಾ, ಇಲ್ಲವೇ ಇಂಗ್ಲಿಷ್ ಕಲಿತು ಬಾ ಅನ್ನುತ್ತೀರಿ. ಸೌಟು ಹಿಡಿಯಲು ಯಾವ ಭಾಷೆ ಬೇಕು? ಸಿಆರ್‌ಪಿಎಫ್ ಮೊದಲಾದ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಕೇಂದ್ರ ಗೃಹ ಸಚಿವಾಲಯ 2023ರಲ್ಲೇ ಒಪ್ಪಿತು, 2024ರಲ್ಲಿ ನಡೆದೂ ಹೋಯಿತು. ಬಂದೂಕಿನವರಿಗೆ ಸಾಧ್ಯವಾದದ್ದು ಲಂಗರಿನವರಿಗೆ ಯಾಕೆ ಸಾಧ್ಯವಿಲ್ಲ?

ಪೋಸ್ಟರ್: (ತುಸು ಹೊತ್ತು ಸುಮ್ಮನಿದ್ದು) ಸಾರ್, ಬರೆಯೋವಾಗ ಆ ಪಿ.ಜಿ. ವಿಷಯಾನೂ ಒಂದು ಸಾಲು ಹಾಕ್ತೀರಾ?

ಹಾಕಿದ್ದೇನೆ. ಓದುಗರಲ್ಲಿ ನನ್ನದು ಎರಡು ಮಾತು. ನಿಮ್ಮ ಮನೆಯ ಹುಡುಗ, ಹುಡುಗಿಗೆ ಸಮುದ್ರದ ಆಸೆ ಇದ್ದರೆ ತಡೆಯಬೇಡಿ. ಆದರೆ ಕಂಬದ ಮೇಲಿನ ‘100%’ ನಂಬಿ ದುಡ್ಡು ಕಟ್ಟಬೇಡಿ. ಅರ್ಜಿ ಹಾಕುವುದು ನೌಕಾಪಡೆಯದೇ ಜಾಲತಾಣದಲ್ಲಿ, ನಡುವೆ ಯಾರ ಶಿಫಾರಸೂ ನಡೆಯುವುದಿಲ್ಲ. ಇನ್ನೊಂದು, ಮುಂದಿನ ಸಲ ನಿಮ್ಮ ಸಂಸದರು ಕೈಮುಗಿದು ಬಾಗಿಲಿಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ: ಅಗ್ನಿವೀರ್ ನೇವಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಯಾವಾಗ?