ತಂಪಿನ ಕಾಕಾ

ತಂಪಿನ ಕಾಕಾ ಎಂಬುದು ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಬಿಸಿಲೂರುಗಳ ಬಡಾವಣೆಗಳಲ್ಲಿ ಹೇರಳವಾಗಿ ಕಂಡುಬರುವ ಮನೆಮಾಲೀಕರ ಒಂದು ಬಗೆ. ವಯಸ್ಸು ಅರವತ್ತರ ಆಚೆ, ಸರ್ಕಾರಿ ನೌಕರಿಯಿಂದ ನಿವೃತ್ತಿ, ಎರಡಂತಸ್ತಿನ ಸ್ವಂತ ಮನೆ. ಕೆಳಗೆ ತಾವು, ಮೇಲೆ ಬಾಡಿಗೆದಾರ. ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಬಲಿಯುತ್ತಿದ್ದಂತೆ ಮನೆಯನ್ನು ತಂಪು ಮಾಡುವ ಹುರುಪು ಇವರಲ್ಲಿ ಏಳುತ್ತದೆ. ಮಿರಗದ ಮಳೆ ಬಿದ್ದ ದಿನ ತಾನಾಗಿ ಇಳಿಯುತ್ತದೆ. ನಡುವಿನ ತಿಂಗಳುಗಳಲ್ಲಿ ಶಾಖ ತಡೆಯುವ ಕೆಲಸದಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಇವರು ಸ್ವಂತ ಖರ್ಚಿನಲ್ಲಿ ಮಾಡಿ ಮುಗಿಸುತ್ತಾರೆ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಮೇಲಿನ ಮನೆಯವರು ಹಾಯಾಗಿರಲಿ ಎಂದೇ ಇವರು ಬಯಸುವುದು. ಬಯಸದಿದ್ದರೆ ಬಾಡಿಗೆದಾರನಿಗೆ ಬೈಯಲಾದರೂ ಬಾಯಿ ಬರುತ್ತಿತ್ತು.

ಕಾಕಾ ಅವರ ಎಲ್ಲ ತಪ್ಪುಗಳ ಬೇರು ಛತ್ತಿನ ಸ್ವಭಾವವನ್ನು ಅರಿಯದಿರುವುದರಲ್ಲಿದೆ. ಕಲಬುರಗಿಯ ಅಕ್ಷಾಂಶದಲ್ಲಿ ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬಂದಿರುತ್ತಾನೆ. ಹಾಗಾಗಿ ಮೇಲಂತಸ್ತಿನ ಮನೆಗೆ ಬಿಸಿಲು ಮುಖ್ಯವಾಗಿ ಇಳಿಯುವುದು ಛತ್ತಿನಿಂದ, ಗೋಡೆಯ ಪಾಲು ಆಮೇಲಿನದು. ನಾಲ್ಕೈದು ಇಂಚು ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಕಾಯುತ್ತದೆ, ಆದರೆ ಕಾದದ್ದನ್ನು ತಕ್ಷಣ ಒಳಗೆ ಬಿಡುವುದಿಲ್ಲ. ಮೇಲಿನ ಮೈ ಸುಡತೊಡಗಿದ ಕೆಲವು ತಾಸುಗಳ ನಂತರವೇ ಕೆಳಗಿನ ಮೈ ತನ್ನ ಪರಮಾವಧಿಗೆ ಬರುವುದು. ಹಗಲು ತೆಗೆದುಕೊಂಡ ಸಾಲವನ್ನು ಅದು ರಾತ್ರಿ ತೀರಿಸುತ್ತದೆ, ಅದೂ ಕೆಳಗೆ ಮಲಗಿದವನ ಮೈಮೇಲೆ. ಊರೆಲ್ಲ ಗಾಳಿಗೆ ಹೊರಗೆ ಕೂತ ರಾತ್ರಿ ಒಂಬತ್ತರಲ್ಲೂ ಮೇಲಂತಸ್ತಿನ ಕೋಣೆ ಕಾವು ಕಾರುತ್ತಿರುವುದಕ್ಕೆ ಇದೇ ಕಾರಣ.

ಕಾಕಾ ಅವರು ಪರೀಕ್ಷೆಗೆ ಬರುವುದು ಬೆಳಗಿನ ಹನ್ನೊಂದಕ್ಕೆ. ಕೈಯಲ್ಲಿ ಜ್ವರ ನೋಡುವಂಥದಲ್ಲದ, ಗೋಡೆಗೆ ತೂಗುಹಾಕುವ ಒಂದು ತಾಪಮಾಪಕ. ಆ ಹೊತ್ತಿಗೆ ಸ್ಲ್ಯಾಬಿನ ಕೆಳಮೈ ಇನ್ನೂ ಪೂರ್ತಿ ಕಾದಿರುವುದಿಲ್ಲ. ಅಂಕಿಯನ್ನು ಕನ್ನಡಕ ಏರಿಸಿ ಓದಿ, “ಹೊರಗ ನಲವತ್ತದ, ಒಳಗ ಮೂವತ್ನಾಲ್ಕು! ಎಸಿ ಬಿಟ್ಟಂಗ ಆಗ್ಯದ ನೋಡ್ರಿ ಸರ” ಎಂದು ಷರಾ ಬರೆದು ಇಳಿದುಹೋಗುತ್ತಾರೆ. ಇದೇ ತಾಪಮಾಪಕವನ್ನು ರಾತ್ರಿ ಒಂಬತ್ತಕ್ಕೆ ಓದಿದರೆ ಮನೆಯ ರೋಗ ತಿಳಿಯುತ್ತದೆ. ಸೂರಿನ ಕೆಳಮೈಗೆ ಅಂಗೈ ತಾಗಿಸಿದರೂ ಸಾಕು, ತಾಪಮಾಪಕವೇ ಬೇಡ. ಆದರೆ ಒಂಬತ್ತಕ್ಕೆ ಕಾಕಾ ಅವರು ಕೆಳಗೆ ಮಲಗಿರುತ್ತಾರೆ, ಮತ್ತು ಅವರ ಕೋಣೆ ನಿಜಕ್ಕೂ ತಂಪಾಗಿರುತ್ತದೆ. ಅವರ ತಲೆಯ ಮೇಲೆ ಬಿಸಿಲು ತಡೆಯಲು ಬಾಡಿಗೆದಾರನ ಇಡೀ ಸಂಸಾರವಿದೆ.

ಮೊದಲ ಪ್ರಯೋಗ ಬಿಳಿ ಬಣ್ಣದ್ದು. ಉಪಾಯದಲ್ಲಿ ತಪ್ಪಿಲ್ಲ, ಇಷ್ಟು ಅಗ್ಗಕ್ಕೆ ಇಷ್ಟು ಫಲ ಕೊಡುವ ಇನ್ನೊಂದು ಕೆಲಸ ಮಾಳಿಗೆಯ ಮೇಲೆ ಇಲ್ಲ. ಬೂದು ಸಿಮೆಂಟಿನ ಮೈ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ನುಂಗಿದರೆ, ಹೊಸದಾಗಿ ಬಳಿದ ಬಿಳಿ ಸುಣ್ಣ ಬಹುಪಾಲನ್ನು ವಾಪಸು ಕಳಿಸುತ್ತದೆ. ಕಾಕಾ ಅವರು ಎಡವುವುದು ಬಳಿಯುವ ರೀತಿಯಲ್ಲಿ. ವರ್ಷದ ಧೂಳನ್ನು ತೊಳೆಯದೆ ಅದರ ಮೇಲೇ ಬಳಿಯುತ್ತಾರೆ. ಮೊದಲ ಗಾಳಿಗೆ ಧೂಳಿನ ಜೊತೆ ಸುಣ್ಣವೂ ಏಳುತ್ತದೆ. ಉಳಿದದ್ದರ ಮೇಲೆ ಕಾಕೂ ಅವರ ಹಪ್ಪಳ, ಶಾವಿಗೆ, ಕೆಂಪು ಮೆಣಸಿನಕಾಯಿ ಒಣಗುತ್ತವೆ. ಮೇ ಬರುವಷ್ಟರಲ್ಲಿ ಬಿಳುಪು ಗೋಧಿಬಣ್ಣಕ್ಕೆ ತಿರುಗಿರುತ್ತದೆ. ಮಾಡಬೇಕಾದದ್ದು ಇಷ್ಟೇ: ಕಸಪೊರಕೆಯಿಂದ ತಿಕ್ಕಿ ತೊಳೆದು, ಬಿರುಕು ತುಂಬಿ, ಅಂಟು ಬೆರೆಸಿದ ಸುಣ್ಣವನ್ನೋ ಛತ್ತಿಗೆಂದೇ ಸಿಗುವ ಬಿಳಿ ಬಣ್ಣವನ್ನೋ ಎರಡು ಮೂರು ಕೈ ಬಳಿಯುವುದು, ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ತೊಳೆಯುವುದು. ಮೆಣಸಿನಕಾಯಿಗೆ ಬೇರೆ ಜಾಗ ಹುಡುಕುವುದು ಕಾಕಾ ಅವರ ಅಧಿಕಾರವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯದು ಥರ್ಮೋಕೋಲ್. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಥರ್ಮೋಕೋಲ್ ಎಂದರೆ ಬಹುಮಟ್ಟಿಗೆ ಗಾಳಿಯೇ. ಓಡಾಡದಂತೆ ಗುಳ್ಳೆಗಳಲ್ಲಿ ಕೂಡಿಹಾಕಿದ ಆ ಗಾಳಿ ಶಾಖವನ್ನು ಸುಲಭಕ್ಕೆ ಸಾಗಗೊಡುವುದಿಲ್ಲ. ಕಾಂಕ್ರೀಟಿಗೆ ಹೋಲಿಸಿದರೆ ಅದರ ತಡೆ ಸುಮಾರು 40 ಪಟ್ಟು. ಇಷ್ಟನ್ನು ಕಾಕಾ ಅವರು ಸರಿಯಾಗಿಯೇ ತಿಳಿದುಕೊಂಡಿದ್ದರು. ಈ ಬರಹಕ್ಕೆ ಆಧಾರವಾದ ಮಾದರಿಯ ಮನೆಯಲ್ಲಿ ಬಳಕೆಯಾದದ್ದು ಓಣಿಯ ಗಣಪತಿ ಮಂಟಪದಿಂದ ಉಳಿದ ಅರ್ಧ ಇಂಚಿನ ಹಾಳೆಗಳು. ಒಂದೆರಡರ ಮೇಲೆ ಚಿನ್ನದ ಬಣ್ಣದ ಕಮಲ ಹಾಗೇ ಇತ್ತು. ಅವುಗಳನ್ನು ಅಂಟು ಹಚ್ಚಿ ಬಾಡಿಗೆದಾರನ ಕೋಣೆಯ ಒಳಸೂರಿಗೆ ಅಂಟಿಸಲಾಯಿತು. ಹಾಳೆ ಸಾಲಲಿಲ್ಲ. ಖಾಲಿ ಉಳಿದ ಜಾಗ ನೇರ ಮಂಚದ ಮೇಲಿನದು.

ಅರ್ಧ ಹೊದಿಸಿ ಅರ್ಧ ಬಿಟ್ಟ ಸೂರು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಬರಿಯ ಕಾಂಕ್ರೀಟಿನ ಪ್ರತಿ ಚದರಡಿಯೂ ಹೊದಿಸಿದ ಚದರಡಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಇಳಿಸುತ್ತದೆ. ಫ್ಯಾನಿನ ಕೊಂಡಿಯ ಸುತ್ತ, ಟ್ಯೂಬ್‌ಲೈಟಿನ ಪಕ್ಕ, ಹಾಳೆ ಹಾಳೆಯ ನಡುವೆ ಬಿಟ್ಟ ಸಂದುಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಅದಕ್ಕಿಂತ ದೊಡ್ಡ ದೋಷ ಹಾಳೆಯನ್ನು ಒಳಗೆ ಹಾಕಿದ್ದು. ಒಳಗೆ ಹಾಕಿದರೆ ಸ್ವಲ್ಪ ತಂಪೇನೋ ಆದೀತು. ಆದರೆ ಮೇಲೆ ಸ್ಲ್ಯಾಬು ಮೊದಲಿನಂತೆಯೇ ಕಾದು ಹಿಗ್ಗಿ, ರಾತ್ರಿ ಕುಗ್ಗಿ, ಬಿರುಕು ಬಿಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಆ ಬಿರುಕೇ ಸೋರುತ್ತದೆ. ಹೊದಿಕೆ ಸ್ಲ್ಯಾಬಿನ ಮೇಲಿದ್ದರೆ ಸ್ಲ್ಯಾಬೂ ಬದುಕುತ್ತದೆ, ಕೆಳಗಿನವರೂ ಬದುಕುತ್ತಾರೆ. ಜೊತೆಗೆ, ಬೆಂಕಿ ತಗುಲಿದರೆ ಬರಿಯ ಥರ್ಮೋಕೋಲ್ ಕಪ್ಪು ಹೊಗೆ ಕಾರುತ್ತ ಕರಗಿ ಹನಿಯುತ್ತದೆ. ಕರೆಂಟಿನ ತಂತಿಯ ಪಕ್ಕ, ಮಲಗುವ ಕೋಣೆಯಲ್ಲಿ, ಅದನ್ನು ತೆರೆದಿಡುವುದು ಉಪಾಯವಲ್ಲ.

ಅಂಟು ಏಪ್ರಿಲ್ ಮುಗಿಯುವ ಮೊದಲೇ ಸೋತಿತು. ಮೊದಲ ಹಾಳೆ ಇಳಿದದ್ದು ಊಟದ ಹೊತ್ತಿನಲ್ಲಿ, ಜೋಳದ ರೊಟ್ಟಿ ಪುಂಡಿಪಲ್ಯದ ಮೇಲೆ, ಕಮಲ ಕೆಳಮುಖವಾಗಿ. ಎರಡನೆಯದು ಫ್ಯಾನಿಗೆ ಸಿಕ್ಕಿ ಕೋಣೆಯ ತುಂಬ ಬಿಳಿ ಕಾಳು ಚೆಲ್ಲಿತು. ಥರ್ಮೋಕೋಲಿನ ಕಾಳನ್ನು ಗುಡಿಸಲು ಬರುವುದಿಲ್ಲ, ಅದು ಪೊರಕೆಗೇ ಅಂಟಿಕೊಂಡು ಊರು ಸುತ್ತುತ್ತದೆ. ಸುದ್ದಿ ಕೇಳಿ ಮೇಲೆ ಬಂದ ಕಾಕಾ ಅವರು ಸೂರನ್ನು ಬಹಳ ಹೊತ್ತು ನೋಡಿ, “ಎರಡು ಬಿದ್ರ ಏನಾಯ್ತ್ರಿ, ಉಳದಿದ್ದೆಲ್ಲ ಗಟ್ಟಿ ಅದ” ಎಂದರು. ಉಳಿದದ್ದರ ಹಿಂದೆ ಹಲ್ಲಿಗಳು ಸಂಸಾರ ಹೂಡಿದ್ದವು. ಈ ವಿವರಗಳೆಲ್ಲ ಬಾಡಿಗೆದಾರನಿಂದ ದೊರೆತಂಥವು. ಲೇಖಕನೂ ಅವನೂ ಒಂದೇ ವಿಳಾಸದಲ್ಲಿ ಇರುವುದರಿಂದ ಮಾಹಿತಿ ಸಂಗ್ರಹಕ್ಕೆ ತೊಂದರೆಯಾಗಲಿಲ್ಲ. ಬಾಡಿಗೆದಾರ ವಿದ್ಯಾವಂತ, ಶಾಖದ ಸಾಗಣೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ. ಆದರೂ ಆ ಮನೆ ಬಿಡಲಿಲ್ಲ, ಏಕೆಂದರೆ ಬಾಡಿಗೆ ಕಡಿಮೆ ಇತ್ತು.

ಬೆಳ್ಳಿಬಣ್ಣದ ಹಾಳೆಯ ವಿಷಯ ಚಿಕ್ಕದು. ಹೊಳೆಯುವ ಅಲ್ಯೂಮಿನಿಯಂ ಹಾಳೆ ಶಾಖದ ಕಿರಣವನ್ನು ತಡೆಯುವುದು ತನ್ನ ಹೊಳೆಯುವ ಮುಖದೆದುರು ಒಂದಿಂಚಾದರೂ ಖಾಲಿ ಜಾಗವಿದ್ದಾಗ ಮಾತ್ರ. ಕಾಕಾ ಅವರು ಅದನ್ನು ಛತ್ತಿನ ಮೇಲೆ ಹಾಸಿ, ಹಾರಿಹೋಗದಿರಲೆಂದು ಶಹಾಬಾದ್ ಫರ್ಸಿಯನ್ನು ಒತ್ತೊತ್ತಾಗಿ ಜೋಡಿಸಿದರು. ಕಲ್ಲಿನ ಬಿಸಿ ಹಾಳೆಗೆ, ಹಾಳೆಯ ಬಿಸಿ ಸ್ಲ್ಯಾಬಿಗೆ ನೇರ ಇಳಿಯಿತು. ಹಸಿರು ಬಲೆಯದೂ ಇದೇ ಕಥೆ. ನೆರಳು ಎಲ್ಲಕ್ಕಿಂತ ಒಳ್ಳೆಯ ಮದ್ದು ನಿಜ, ಆದರೆ ಬಲೆ ತಲೆಗೆ ತಾಗದಷ್ಟು ಎತ್ತರದಲ್ಲಿ, ಸುತ್ತಲೂ ಗಾಳಿ ಹಾಯುವಂತೆ ಇರಬೇಕು. ಗೇಣೆತ್ತರಕ್ಕೆ ಕಟ್ಟಿದ ಬಲೆಯ ಕೆಳಗೆ ಬಿಸಿಗಾಳಿ ಠಿಕಾಣಿ ಹೂಡುತ್ತದೆ. ಕಾಕಾ ಅವರ ಬಲೆಯನ್ನು ಮೇ ತಿಂಗಳ ಒಂದು ಸಂಜೆಯ ಗಾಳಿ ಬಿಚ್ಚಿಕೊಂಡು ಹೋಗಿ ಪಕ್ಕದವರ ಬೇವಿನ ಮರಕ್ಕೆ ತೊಡಿಸಿತು. ಮರ ಈಗಲೂ ತಂಪಾಗಿದೆ.

ಕಿಟಕಿಗಳ ವಿಷಯದಲ್ಲಿ ಇವರ ನಿಯಮ ನಿಖರವಾಗಿ ತಿರುಗುಮುರುಗು. ಹೊರಗೆ ಒಣ ಝಳ ಹೊಡೆಯುವ ಮಧ್ಯಾಹ್ನ “ಗಾಳಿ ಆಡ್ಲಿ” ಎಂದು ತೆರೆಸುತ್ತಾರೆ. ಹೊರಗಾಳಿ ತಣ್ಣಗಾದ ನಡುರಾತ್ರಿ ಕಳ್ಳರ ಭಯಕ್ಕೆ ಮುಚ್ಚಿಸುತ್ತಾರೆ. ಈ ಸೀಮೆಯಲ್ಲಿ ಬೆಳಗ್ಗೆ ಬಿಸಿಲೇರುವ ಮೊದಲೇ ಮುಚ್ಚಿ, ಸಂಜೆಯ ಮೇಲೆ ತೆರೆದು, ರಾತ್ರಿಯಿಡೀ ಗೋಡೆ ಸೂರು ಆರಲು ಬಿಡಬೇಕು. ಇದಕ್ಕೊಂದು ಅಪವಾದ ಕೂಲರ್. ನೀರಿನ ಕೂಲರು ಓಡುವಾಗ ಎದುರು ಕಿಟಕಿ ತುಸು ತೆರೆದಿರಬೇಕು, ಇಲ್ಲದಿದ್ದರೆ ತೇವದ ಗಾಳಿಗೆ ಹೊರಹೋಗುವ ದಾರಿಯಿಲ್ಲದೆ ಕೋಣೆ ಕರಾವಳಿಯಾಗುತ್ತದೆ. ತಂಪು ಹೊರಗೆ ಹೋಗದಿರಲೆಂದು ಕಾಕಾ ಅವರು ಕೂಲರ್ ಹಚ್ಚಿದೊಡನೆ ಎಲ್ಲವನ್ನೂ ಬಿಗಿಯಾಗಿ ಮುಚ್ಚುತ್ತಾರೆ. ಬಿಗಿಯಾಗಿ ಮುಚ್ಚಬೇಕಾದದ್ದು ಎಸಿ ಕೋಣೆಯನ್ನು. ಕೆಳಗೆ ಅವರದೇ ಎಸಿ ಕೋಣೆಯ ಬಾಗಿಲಿನಡಿ ಇಲಿ ತಲೆಯೆತ್ತಿ ನಡೆಯುವಷ್ಟು ಸಂದು ಇದೆ. ಪಶ್ಚಿಮದ ಕಿಟಕಿಗೆ ಅವರು ಒಳಗೆ ದಪ್ಪ ಪರದೆ ಹಾಕಿಸಿದ್ದಾರೆ. ಗಾಜು ದಾಟಿದ ಬಿಸಿಲು ಮನೆಯೊಳಗೆ ಬಂದಂತೆಯೇ ಲೆಕ್ಕ, ಆದ್ದರಿಂದ ತಡೆ ಗಾಜಿನ ಹೊರಗಿರಬೇಕು: ಬಿದಿರಿನ ತಟ್ಟಿ, ಮುಂಚಾಚಿದ ಛಜ್ಜಾ, ಬಳ್ಳಿ, ಯಾವುದಾದರೂ ಸರಿ.

ಅಮೆರಿಕದಲ್ಲಿರುವ ಮಗನ ಸಲಹೆ ಪ್ರತಿ ಕಾಕಾ ಅವರಿಗೂ ಇದ್ದೇ ಇರುತ್ತದೆ. ಅಲ್ಲಿಯ ಚಳಿನಾಡಿನ ಮನೆಗಳಲ್ಲಿ ಗೋಡೆಯ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಒಳಗಿನ ಬೆಚ್ಚಗಿನ ತೇವ ಗೋಡೆಯೊಳಗೆ ಹೋಗಿ ತಣ್ಣಗಾಗಿ ನೀರಾಗದಿರಲೆಂದು. ಅದೇ ಹಾಳೆಯನ್ನು ಇಲ್ಲಿಯ ಎಸಿ ಕೋಣೆಯ ಒಳಮೈಗೆ ಹಾಕಿದರೆ ಮಳೆಗಾಲದಲ್ಲಿ ತೇವ ಹೊರಗಿನಿಂದ ಬಂದು ಆ ತಣ್ಣನೆಯ ಹಾಳೆಯ ಹಿಂದೆಯೇ ನಿಲ್ಲುತ್ತದೆ. ಆಮೇಲೆ ಬೂಸಲು. ಮಗ ಒಳ್ಳೆಯವನೇ, ವರ್ಷ ವರ್ಷ ಫೋನಿನಲ್ಲಿ ಮನೆಯ ತಂಪು ವಿಚಾರಿಸುತ್ತಾನೆ.

ಚಹಾದ ಹೊತ್ತಿಗೆ ಒಮ್ಮೊಮ್ಮೆ ಕಾಕಾ ಅವರು ಊರಲ್ಲಿದ್ದ ಅಪ್ಪನ ಮನೆಯ ಮಾತು ತೆಗೆಯುತ್ತಾರೆ. ಎರಡಡಿ ದಪ್ಪದ ಕಲ್ಲಿನ ಗೋಡೆ, ತೊಲೆ ಜಂತಿಯ ಮೇಲೆ ಮೊಣಕೈ ಮಟ್ಟ ಮಣ್ಣು, ನಡುವೆ ಬೆಳಕಿಂಡಿ. “ಬ್ಯಾಸಿಗಿ ಮಧ್ಯಾಹ್ನ ಕೌದಿ ಹೊಚ್ಚಕೊಂಡು ಮಲಗ್ತಿದ್ವಿ ಸರ.” ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. ಅಷ್ಟು ದಪ್ಪದ ಮಣ್ಣು ದಾಟಿ ಹಗಲಿನ ಬಿಸಿ ಒಳಗೆ ಇಣುಕುವಷ್ಟರಲ್ಲಿ ರಾತ್ರಿಯ ತಂಪು ಅದನ್ನು ಹಿಂದಕ್ಕೆ ಎಳೆದಿರುತ್ತಿತ್ತು. ಆ ಮನೆಗಳು ಸುಮ್ಮನೆ ಹೋಗಲಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವುಳು ಮಣ್ಣು ಹಾಕಬೇಕಿತ್ತು, ಸೋರಿದರೆ ರಾತ್ರಿ ಎದ್ದು ಹತ್ತಬೇಕಿತ್ತು, ಜಂತಿಯಿಂದ ಚೇಳು ಬೀಳುತ್ತಿತ್ತು. ಆಳುಗಳು ಸಿಗದಾದಾಗ, ಮಕ್ಕಳು ಪಟ್ಟಣ ಸೇರಿದಾಗ, ಕಾಕಾ ಅವರೇ ನಿಂತು ಅದನ್ನು ಕೆಡವಿಸಿದರು. ಆ ಮಾತು ಬಂದಾಗ ಅವರು ಚಹಾ ಆರುವ ತನಕ ಬಸಿ ಹಿಡಿದೇ ಕೂರುತ್ತಾರೆ, ಮತ್ತು ಥರ್ಮೋಕೋಲಿನ ವಿಷಯ ಎತ್ತಲು ಬಾಡಿಗೆದಾರನಿಗೆ ಮನಸ್ಸಾಗುವುದಿಲ್ಲ.

ಸರಿಯಾದ ಕೆಲಸದ ಕ್ರಮ ಹೀಗೆ. ಮೊದಲು ಬಿರುಕು ಮುಚ್ಚಿ ನೀರು ಇಳಿಯದಂತೆ ಮಾಡುವುದು. ಅದರ ಮೇಲೆ ನೀರು ಹೀರದ, ಗಟ್ಟಿ ಜಾತಿಯ ಫೋಮ್ ಹಾಳೆಗಳನ್ನು ಸಂದಿಲ್ಲದಂತೆ, ಪ್ಯಾರಾಪೆಟ್ಟಿನ ಬುಡದವರೆಗೂ ಹಾಸುವುದು. ಅದರ ಮೇಲೆ ನೀರು ಹರಿದುಹೋಗುವಂತೆ ಇಳಿಜಾರು ಕೊಟ್ಟು ಸಿಮೆಂಟ್ ಗಾರೆ, ಕೊನೆಗೆ ಬಿಳಿ ಟೈಲಿನ ಚೂರು. ವಾಸದ ಮನೆಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತಾ ಛತ್ತಿಗೆ ಒಂದು ಮಿತಿ ಹಾಕಿತು: ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ ಒಂದು ಚದರ ಮೀಟರಿನಿಂದ 1.2 ವ್ಯಾಟಿಗಿಂತ ಹೆಚ್ಚು ಶಾಖ ದಾಟಬಾರದು. ಬರಿಯ ಸ್ಲ್ಯಾಬು ಇದರ ಎರಡು ಪಟ್ಟಿಗೂ ಹೆಚ್ಚು ದಾಟಿಸುತ್ತದೆ. ಒಂದಿಂಚಿನ ಒಳ್ಳೆಯ ಹಾಳೆಯೇ ಮಿತಿಯೊಳಗೆ ತರುತ್ತದೆ, ಎರಡಿಂಚಾದರೆ ರಾತ್ರಿ ನಿದ್ದೆಯೂ ಬರುತ್ತದೆ. ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದಾಗ ಕಾಕಾ ಅವರು ಎರಡು ಸಲ ಓದಿ, ಸಾಲಿಗೊಂದು ಗೆರೆ ಎಳೆದು, ಎರಡಿಂಚಿಗೇ ಒಪ್ಪಿದರು. ಗಾರೆಯವನು ದೀಪಾವಳಿಯ ನಂತರ ಬರುತ್ತೇನೆಂದಿದ್ದಾನೆ. ಕೆಲಸ ಮುಗಿದ ತಿಂಗಳಿನಿಂದ ಬಾಡಿಗೆ ಎಷ್ಟು ಏರಬೇಕೆಂಬ ಲೆಕ್ಕವನ್ನು ಅವರು ಅದೇ ಕಾಗದದ ಹಿಂದೆ ಹಾಕಿಕೊಟ್ಟಿದ್ದಾರೆ.