ಮದ್ದಿನ ಭಾವ

ಅಪ್ಸರಕೊಂಡದಲ್ಲಿ ಮುದಿ ನಾಯಿ ಇಟ್ಟುಕೊಂಡವರಿಗೆ ಮದ್ದಿನ ಭಾವನಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಮೇಲೆ ಗುಡ್ಡ, ಕೆಳಗೆ ಸಮುದ್ರ, ನಡುವೆ ಜಲಪಾತಕ್ಕಿಳಿಯುವ ಮೆಟ್ಟಿಲು. ಮೂರೂ ಕಡೆ ಅವನದೇ ಓಡಾಟ. ವಿದ್ಯೆ ಎಲ್ಲಿ ಕಲಿತೆ ಎಂದು ಅವನನ್ನು ಯಾರೂ ಕೇಳಿಲ್ಲ, ಮದ್ದಿಗೆ ದುಡ್ಡು ಕೊಡಿ ಎಂದು ಅವನೂ ಕೇಳಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಬೇಡವೆನ್ನುವ ಧೈರ್ಯ ನಮ್ಮ ಕಡೆ ಕಡಿಮೆ.

ನಾಯಿಯ ಮೈಮೇಲೆ ಏನೇ ಎದ್ದರೂ ಅವನಿಗೆ ಕಾರಣ ಎರಡೇ: ಉಷ್ಣ, ಇಲ್ಲವೇ ನಂಜು. "ಎಂತದೂ ಅಲ್ಲ ತಮಾ, ನಂಜಾಗಿದ್ದು. ಬಂಗಡೆ ನಿಲ್ಸು." ದೋಣಿಯ ನೆರಳಲ್ಲಿ ಬಿದ್ದುಕೊಂಡು, ಒಣಮೀನು ಕಾಯುವವರ ಕಣ್ಣು ತಪ್ಪಿಸುತ್ತಲೇ ಹತ್ತು ಹನ್ನೆರಡು ಮಳೆಗಾಲ ಕಂಡ ನಾಯಿಗೆ ಪಥ್ಯ! ಆಮೇಲೆ ಲೇಪ. ಕುರುವಾದರೆ ಸುಣ್ಣ-ಬೆಲ್ಲ, ಗಂಟಾದರೆ ಅರಿಶಿನ ಕಲಸಿದ ಮುರುಗಲ ತುಪ್ಪ. ಹಚ್ಚಿದವರು ಕೈ ತೊಳೆದು ಬರುವಷ್ಟರಲ್ಲಿ ನಾಯಿ ಅದನ್ನು ನೆಕ್ಕಿ ಮುಗಿಸಿ, ಇನ್ನೂ ಇದೆಯೇ ಎಂದು ಮುಖ ನೋಡುತ್ತಿರುತ್ತದೆ. "ಹೊಟ್ಟೆಗೂ ಬೇಕು ಅದು" ಎನ್ನುತ್ತಾನೆ ಭಾವ.

ಒಮ್ಮೆ ಬೆಂಗಳೂರಿನವರ ಲ್ಯಾಬ್ರಡಾರ್ ಮೆಟ್ಟಿಲ ಬುಡದಲ್ಲಿ ಅಂಗಾತ ಬಿದ್ದುಕೊಂಡಿತ್ತು. ಭಾವ ಬಗ್ಗಿ ನೋಡಿದವನೇ, "ಹೊಟ್ಟೆ ತುಂಬ ಉಣುಗು!" ಎಂದು ಚಿಮುಟ ತರಿಸಿ ಒಂದನ್ನು ಹಿಡಿದು ಎಳೆದ. ನಾಯಿ ಕುಂಯ್ ಎಂದಿತು. ಗಂಡು ನಾಯಿಗೂ ಮೊಲೆತೊಟ್ಟು ಇರುತ್ತದೆಂದು ಅದರ ಯಜಮಾನತಿ ತಿಳಿಸಿದಾಗ, "ಇರ್ತದೆ, ಯಾರು ಇಲ್ಲ ಅಂದ್ರು? ಉಪ್ಪುಗಾಳಿಗೆ ಸ್ವಲ್ಪ ಊದಿದ್ದು" ಎಂದ.

ಅವನ ಕೀರ್ತಿಯ ಮೂಲ ಕೊಬ್ಬಿನ ಗಂಟು. ಏಳೆಂಟು ವರ್ಷ ದಾಟಿದ ನಾಯಿಯ ಪಕ್ಕೆಯಲ್ಲೋ ಎದೆಯಡಿಯೋ ಇಂಥದ್ದು ಏಳುವುದು ತೀರ ಮಾಮೂಲು. ಮೆತ್ತಗಿರುತ್ತದೆ, ಒತ್ತಿದರೆ ಜಾರುತ್ತದೆ, ನೋಯುವುದಿಲ್ಲ. ಬಹಳ ಸಲ ಮದ್ದು ಮಾಡದಿದ್ದರೂ ನಾಯಿಗೆ ಏನೂ ಆಗುವುದಿಲ್ಲ. ಮಾಡಿಸಿದರೆ ಭಾವನಿಂದ ಉಳಿಯಿತು. ಫಜೀತಿ ಇರುವುದು ಅದೇ ವೇಷ ಕಟ್ಟಿಕೊಂಡು ಬರುವ ಮಾಸ್ಟ್ ಸೆಲ್ ಗಡ್ಡೆಯಲ್ಲಿ. ಅದು ಕ್ಯಾನ್ಸರ್. ಇವತ್ತು ಊದಿ ನಾಳೆ ಇಳಿಯುವ ಚಾಳಿ ಅದಕ್ಕಿದೆ, ಇಳಿದ ದಿನ ಭಾವ ಕೇರಿಯವರನ್ನೆಲ್ಲ ಕರೆದು ತೋರಿಸುತ್ತಾನೆ. ದನದ ಡಾಕ್ಟ್ರು ಬೆರಳನ್ನು ನಂಬುವುದಿಲ್ಲ. ಗಂಟಿಗೆ ಸೂಜಿ ಚುಚ್ಚಿ, ಬಂದದ್ದನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಡಿ ನೋಡಿಸುತ್ತಾರೆ. ಹೆಣ್ಣು ನಾಯಿಯ ಮೊಲೆಗಂಟುಗಳಲ್ಲಂತೂ ಹೆಚ್ಚುಕಡಿಮೆ ಅರ್ಧಕ್ಕರ್ಧ ಕೆಟ್ಟವೇ.

ಲೇಪದ ತನಕ ಭಾವನನ್ನು ಸಹಿಸಬಹುದು. ತನ್ನ ಮಂಡಿನೋವಿನ ಗುಳಿಗೆಯನ್ನು ಅರ್ಧ ಮುರಿದು ನಾಯಿಯ ಬಾಯಿಗೆ ಹಾಕಹೊರಟರೆ ಮಾತ್ರ ಕೈ ಹಿಡಿಯಲೇಬೇಕು. ಬ್ರೂಫೆನ್, ಡೈಕ್ಲೋಫೆನಾಕ್ ನಾಯಿಗೆ ಹೊಟ್ಟೆಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ.

ಮೊನ್ನೆ ಪಕ್ಕದ ಮನೆ ಅಕ್ಕ ಭಾವನಿಗೆ ಹೇಳದೆ ತನ್ನ ನಾಯಿಯನ್ನು ರಿಕ್ಷಾದಲ್ಲಿ ಹೊನ್ನಾವರಕ್ಕೆ ಒಯ್ದು ಸೂಜಿ ಪರೀಕ್ಷೆ ಮಾಡಿಸಿದಳು. ಸುದ್ದಿ ಮುಚ್ಚಿಡುವ ಊರೇ ಇದು? ಸಂಜೆಗೆ ಭಾವ ಅಂಗಳದಲ್ಲಿ ಹಾಜರು.

"ಎಂತ ಹೇಳಿದ್ರು ಡಾಕ್ಟ್ರು?"

"ಬರೀ ಕೊಬ್ಬಂತೆ ಭಾವ. ಮದ್ದೇನೂ ಬ್ಯಾಡ ಅಂದ್ರು."

"ಮತ್ತೆ? ನಾನು ಮಾಡಿ ಆಯ್ತಲ್ಲ!"