ತಪ್ಪಿದ ಇಪ್ಪತ್ತೇಳು

ಸುರೇಬಾನದ ಬಸ್‌ಸ್ಟ್ಯಾಂಡ್ ಮಗ್ಗುಲಿನ ಚಹಾದಂಗಡಿಯಲ್ಲಿ ಮುಂಜಾನೆ ಎರಡೇ ವಿಷಯಗಳು ಚರ್ಚೆಗೆ ಬರುತ್ತವೆ: ಮಳೆ ಬಂದದ್ದು, ಮಳೆ ಬಾರದ್ದು. ಮೊನ್ನೆ ಮೂರನೆಯದೊಂದು ಬಂತು. ಅಣ್ಣನ ಮಗ ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತಿದ್ದ. ಇಣುಕಿದೆ. ಎಡಕ್ಕೆ ಹೆಸರು, ಬಲಕ್ಕೆ ಮೈತುಂಬ ಅಂಕಿ.

"ಏನಲೇ ಅದು? ಓಸಿ ನಂಬರಾ?"

"ಅಲ್ರೀ ಕಾಕಾ, ಬಾಸ್ಕೆಟ್‌ಬಾಲ್. ಎನ್‌ಬಿಎ. ಅವರು ರಾತ್ರಿ ಆಡಿದ್ದು ನಮಗ ಮುಂಜಾನಿ ಬರತೈತಿ."

"ಗೆದ್ದವರ‍್ಯಾರು?"

"ಅದಿರಲಿ, ಮೊದಲ ಈ ಲೆಕ್ಕ ನೋಡ್ರಿ."

ನೋಡಿದೆ. ಒಬ್ಬೊಬ್ಬನ ಹೆಸರಿನ ಮುಂದೆ ಹತ್ತಾರು ಖಾನೆ. ಎಷ್ಟು ಸಲ ಬುಟ್ಟಿಗೆ ಎಸೆದ, ಎಷ್ಟು ಬಿತ್ತು, ಜೊತೆಯವನ ಬುಟ್ಟಿಗೆ ಚೆಂಡು ದಾಟಿಸಿ ಎಷ್ಟು ಅಸಿಸ್ಟ್ ಮಾಡಿದ, ಎಷ್ಟು ಚೆಂಡು ಕಸಿದುಕೊಂಡ, ಎಷ್ಟು ಕಳೆದುಕೊಂಡ, ಎಷ್ಟು ಫೌಲ್ ಮಾಡಿದ. ಕೊನೆಗೆ ಪ್ಲಸ್-ಮೈನಸ್ ಅಂತ ಒಂದು: ಈತ ಅಂಗಳದಲ್ಲಿ ಇದ್ದಷ್ಟು ಹೊತ್ತು ತಂಡಕ್ಕೆ ಲಾಭವೋ ಲುಕ್ಸಾನೋ. ಆ ಕೊನೆಯ ಖಾನೆ ಕಂಡು ನನಗೆ ಬೆವರಿತು. ಇಂಥದ್ದು ನಮ್ಮ ಕಡೆ ಬಂದರೆ ಎಷ್ಟು ಜನ ಖುರ್ಚಿ ಮೇಲೆ ಉಳಿದಾರು!

ಹುಡುಗ ಹಳೆಯ ಕಥೆಯೊಂದನ್ನು ತೆಗೆದ. 1962ರ ಮಾರ್ಚ್ 2. ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರು. ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದ. ನ್ಯೂಯಾರ್ಕ್ ನಿಕ್ಸ್ 169-147ರಿಂದ ಸೋತಿತು. ಟಿವಿಯವರು ಬಂದಿರಲಿಲ್ಲ, ಕಾಗದದ ಮೇಲೆ ಕೈಬರಹದಲ್ಲಿ '100' ಅಂತ ಗೀಚಿ, ಅದನ್ನು ಅವನ ಕೈಗೆ ಕೊಟ್ಟು ಫೋಟೋ ಹಿಡಿದರು. ಆ ದಾಖಲೆ ಇವತ್ತಿಗೂ ಯಾರೂ ಮುರಿದಿಲ್ಲ.

ನನಗೆ ಹಿಡಿಸಿದ್ದು ಆ ನೂರಲ್ಲ. ಎದುರಾಳಿ ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋ ಲೆಕ್ಕ ಬೇರೆ, ಬಿಡಿ. ಆಟದ ನಡುವೆ ಅವನು ಬುಟ್ಟಿಗೆ ಎಸೆದದ್ದು 63 ಸಲ, ಬಿದ್ದದ್ದು 36. ಅಂದರೆ 27 ತಪ್ಪಿದವು. ನೂರು ಹೊಡೆದ ಮಹಾಶಯನ ಹೆಸರಿನ ಮುಂದೆಯೇ ಆ 27 ಕೂಡ ಅರವತ್ತು ವರ್ಷಗಳಿಂದ ಮುಲಾಜಿಲ್ಲದೆ ಕೂತಿವೆ. "ಸಾಹೇಬ್ರ ಮನಸ್ಸಿಗೆ ಬ್ಯಾಸರ ಆದೀತು, ಅಳಿಸ್ರೀ" ಅನ್ನುವ ಒಬ್ಬ ಹಿಂಬಾಲಕನೂ ಅಲ್ಲಿ ಹುಟ್ಟಲಿಲ್ಲ.

ನಮ್ಮಲ್ಲಿ ಸ್ಕೋರ್‌ಕಾರ್ಡ್ ಅಂದರೆ ಫ್ಲೆಕ್ಸು. ನಡುವೆ ಆಳೆತ್ತರದ ನಾಯಕ, ಕೆಳಗೆ ದುಂಡನೆಯ ಸಣ್ಣ ಫೋಟೋಗಳ ಸಾಲು. ಆ ದುಂಡನೆಯವರೇ ಅಸಿಸ್ಟ್ ಮಾಡಿದವರು. ಫ್ಲೆಕ್ಸಿನ ಬಿಲ್ಲೂ ಅವರದೇ. ಮೇಲೆ 'ಅಭಿವೃದ್ಧಿಯ ಹರಿಕಾರ'. ಎಸೆದದ್ದೆಷ್ಟು, ತಪ್ಪಿದ್ದೆಷ್ಟು ಎಂದು ಬರೆಯಲು ಹನ್ನೆರಡು ಅಡಿ ಬಟ್ಟೆಯಲ್ಲಿ ಒಂದು ಗೇಣೂ ಜಾಗವಿಲ್ಲ.

ಹಾಗಂತ ತಪ್ಪಿನ ಖಾನೆ ನಮಗೆ ಗೊತ್ತಿಲ್ಲವೆಂದಲ್ಲ. ಭೇಷಾಗಿ ಗೊತ್ತು, ಆದರೆ ಅದನ್ನು ಕೆಳಗಿನವರಿಗಷ್ಟೇ ಮೀಸಲಿಟ್ಟಿದ್ದೇವೆ. ಮಗ್ಗದ ಸಪ್ಪಳದಲ್ಲೇ ಬೆಳೆದ ಊರಿದು. ನೇಕಾರ ತಂದ ಸೀರೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಒಂದು ಎಳೆ ತಪ್ಪಿದ್ದರೂ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಅವನ 27 ಅವತ್ತೇ ವಸೂಲಿ. 2019ರಲ್ಲಿ ಮಲಪ್ರಭೆ ಉಕ್ಕಿ ಮನೆಗಳು ಬಿದ್ದಾಗ, ಬಿದ್ದ ಮನೆಗೂ ಟಕ್ಕೆವಾರಿ ಹಾಕಿದರು: ನೂರಕ್ಕೆ 75ಕ್ಕಿಂತ ಹೆಚ್ಚು ಬಿದ್ದರೆ 'ಎ', 25ರಿಂದ 75 'ಬಿ', 15ರಿಂದ 25 'ಸಿ'. ನಿಂತ ಅರ್ಧ ಗೋಡೆಯನ್ನು ನೋಡಿ 'ಇದೊಂದು ಬಿದ್ದಿದ್ದರೆ ಎ ಬರುತ್ತಿತ್ತು' ಎಂದು ಮನೆಯ ಯಜಮಾನನೇ ಹಳಹಳಿಸುವ ಆಟ ಯಾವ ಅಮೆರಿಕದಲ್ಲೂ ಇರಲಿಕ್ಕಿಲ್ಲ.

ಹುಡುಗ ಇನ್ನೊಂದು ಹೇಳಿದ. 1950ರಲ್ಲಿ ಫೋರ್ಟ್ ವೇನ್ ತಂಡದವರು ಚೆಂಡನ್ನು ಎಸೆಯದೆ ಹಿಡಿದುಕೊಂಡೇ ಕಾಲ ಕಳೆದರಂತೆ. 48 ನಿಮಿಷದ ಆಟ 19-18ಕ್ಕೆ ಮುಗಿಯಿತು. ನೋಡಲು ಬಂದವರು ಆಕಳಿಸಿದರು. ನಾಲ್ಕು ವರ್ಷದ ನಂತರ ನಿಯಮ ಬಂತು: ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು.

"ನಮ್ಮಲ್ಲೂ ಐತಿ ಬಿಡಲೇ," ಅಂದೆ. "ಸಕಾಲ."

2011ರ ಸಕಾಲ ಕಾಯ್ದೆ ನಮ್ಮ ಸರ್ಕಾರಿ ಕಚೇರಿಗಳಿಗೆ ಕಟ್ಟಿದ ಗಡಿಯಾರ. ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅಂದರೆ ಇಪ್ಪತ್ತೈದು ದಿನ ಓಡಿ ಗಡಿಯಾರವೂ ದಣಿದು ಕೂರುತ್ತದೆ. ಆದರೆ ಬಾಸ್ಕೆಟ್‌ಬಾಲಿನಲ್ಲಿ ಇನ್ನೊಂದು ನಿಯಮವಿದೆ: ಚೆಂಡು ಒಳಗೆ ಬೀಳದಿದ್ದರೂ ಸರಿ, ರಿಂಗಿಗೆ ತಾಗಿದರೆ ಸಾಕು, ಗಡಿಯಾರ ಹೊಸದಾಗಿ ತಿರುಗುತ್ತದೆ. ಈ ನಿಯಮವನ್ನು ನಮ್ಮವರಷ್ಟು ಅರಗಿಸಿಕೊಂಡವರು ಯಾರೂ ಇಲ್ಲ. ಹೆಸರು ಬೇಡ, ಒಂದು ಕಚೇರಿಗೆ ನಾನೊಂದು ಅರ್ಜಿ ಕೊಟ್ಟಿದ್ದೆ. ಗಡುವಿನ ಕಡೆಯ ದಿನ ಸಂಜೆ ಅದು ರಿಂಗಿಗೆ ತಾಗಿತು: 'ದಾಖಲೆ ಅಪೂರ್ಣ, ತಿರಸ್ಕರಿಸಿದೆ.' ಮತ್ತೆ ಕೊಟ್ಟೆ, ಮತ್ತೆ ತಾಗಿತು. ಮೂರು ಸಲ ತಾಗಿದ ನನ್ನ ಒಂದೇ ಅರ್ಜಿ ಅವರ ವರದಿಯಲ್ಲಿ ಏನಾಯಿತು ಗೊತ್ತೇ? 'ವಿಲೇವಾರಿ: 3.' ಕೆಲಸ ಆದರೂ ವಿಲೇವಾರಿ, ಆಗದಿದ್ದರೂ ವಿಲೇವಾರಿ. ಚೇಂಬರ್ಲೇನ್ ಪಾಪ, ಈ ಶಬ್ದ ಗೊತ್ತಿದ್ದರೆ 63ಕ್ಕೆ 63 ಬರೆಸಿಕೊಳ್ಳುತ್ತಿದ್ದ.

ಅಂಕಿಯ ಆಸೆ ಅವರಿಗೂ ಇಲ್ಲದಿಲ್ಲ. 2003ರ ಮಾರ್ಚ್ 16ರಂದು ಕ್ಲೀವ್‌ಲ್ಯಾಂಡ್ ತಂಡ ಯೂಟಾ ವಿರುದ್ಧ ಗೆದ್ದಾಗಿತ್ತು, ಕೆಲವೇ ಸೆಕೆಂಡು ಉಳಿದಿತ್ತು. ರಿಕಿ ಡೇವಿಸ್‌ಗೆ ಅಂಕ, ಅಸಿಸ್ಟ್, ರೀಬೌಂಡ್ ಮೂರರಲ್ಲೂ ಎರಡಂಕಿ ಮುಟ್ಟುವ ಚಟ. ಬುಟ್ಟಿ ತಪ್ಪಿ ಪುಟಿದ ಚೆಂಡು ಹಿಡಿಯುವ ರೀಬೌಂಡ್ ಒಂದು ಕಮ್ಮಿ ಬಿದ್ದಿತ್ತು. ತಾನು ಕಾಯಬೇಕಾದ ಬುಟ್ಟಿಯತ್ತಲೇ ತಿರುಗಿ, ಬೇಕಂತಲೇ ತಪ್ಪಿಸಿ ಎಸೆದು, ಪುಟಿದದ್ದನ್ನು ತಾನೇ ಹಿಡಿದ. ಲೀಗಿನವರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವನ ತಂಡವೇ ಅವನಿಗೆ ದಂಡ ಹಾಕಿತು.

ತಿಂಗಳು ಗಮನಿಸಿ: ಮಾರ್ಚ್. ನಮ್ಮಲ್ಲೂ ಅದೇ ತಿಂಗಳಲ್ಲಿ ನೆಟ್ಟಗಿದ್ದ ರಸ್ತೆಯನ್ನು ಅಗೆದು, ಅಗೆದದ್ದನ್ನು ಮುಚ್ಚಿ, 31ರ ರಾತ್ರಿಯೊಳಗೆ 'ಅನುದಾನ ಬಳಕೆ ನೂರಕ್ಕೆ ನೂರು' ಎಂದು ಬರೆಯುವ ರಿಕಿ ಡೇವಿಸರಿದ್ದಾರೆ. ಫರಕು ಇಷ್ಟೇ, ಇವರಿಗೆ ದಂಡವಿಲ್ಲ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಚಪ್ಪಾಳೆ.

ಇಷ್ಟು ಹೇಳಿ ನಾನು ಗೆದ್ದವನಂತೆ ಎದ್ದೆ. ಚಹಾದಂಗಡಿಯವನು ಗಲ್ಲಾದ ಕೆಳಗಿಂದ ಎಣ್ಣೆ ಹತ್ತಿದ ಉದ್ರಿ ವಹಿ ತೆಗೆದ. ಹೆಬ್ಬೆರಳಿಗೆ ಉಗುಳು ಹಚ್ಚಿ ನಾಲ್ಕು ಹಾಳೆ ತಿರುವಿದ.

"ಲೆಕ್ಕದ ಮಾತು ಬಂತಂತ ತಗದೆ, ಸಿಟ್ಟಾಗಬ್ಯಾಡ್ರಿ. ನೀವು ಕುಡದ ಚಾ 63. ರೊಕ್ಕ ಬಂದದ್ದು 36ರದ್ದು."

ಹುಡುಗ ಮೊಬೈಲಿನಿಂದ ತಲೆ ಎತ್ತಿದ. "ಕಾಕಾ! ಇಪ್ಪತ್ತೇಳು!"

ಕಿಸೆ ಮುಟ್ಟಿ ನೋಡಿಕೊಂಡೆ. ಆಮೇಲೆ ದನಿ ತಗ್ಗಿಸಿ ಅಂಗಡಿಯವನಿಗೆ ಹೇಳಿದೆ: "ಅದನ್ನ ವಿಲೇವಾರಿ ಅಂತ ಬರಕೋಳಪ್ಪಾ."

ಅವನು ವಹಿಯನ್ನು ಹಿಂದೆ ಮುಂದೆ ತಿರುವಿ ನೋಡಿದ.

"ಇದರಾಗ ಆ ಖಾನೆ ಇಲ್ಲ್ರೀ."